ಕೋಣನ ಹಿಂದೆ ಒಂದೇ ಆಡು

"ಲೂರ್ಡ್ಸ್ ಬಾಯಿ, ಒಂದು ಮುಷ್ಟಿ ಹಿಟ್ಟು ಸಿಗ್ಬಹುದಾ?"

ಶಶಿಪ್ರಭಾ ರೈ ಹೀಗೆ ಕೇಳಿದ್ದೇ ತಡ, ಊಟದ ಮೇಜಿನ ಸುತ್ತ ಕುಳಿತಿದ್ದ ಮೂವರೂ ಒಟ್ಟಿಗೆ ತಲೆಯೆತ್ತಿದರು. ಕಳವಿನ ವಿಚಾರಣೆಗೆ ಬಂದವರು ಬೆರಳಚ್ಚು ಕೇಳಬಹುದು, ಬೀಗದ ಕೈ ಕೇಳಬಹುದು. ಹಿಟ್ಟು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಲೂರ್ಡ್ಸ್ ಬಾಯಿ ಕಾಣಿಸಿಕೊಂಡರು. ಮೊಣಕೈವರೆಗೂ ಸಕ್ಕರೆಪುಡಿ. ಕ್ರಿಸ್ಮಸ್ ಹತ್ತಿರವಾಗಿತ್ತು, ಮನೆಯಲ್ಲಿ ಏನೇ ರಾದ್ಧಾಂತ ನಡೆಯಲಿ, ಹಬ್ಬದ ಕುಸ್ವಾರ್ ತಿಂಡಿಗಳು ಆಗಲೇಬೇಕು ಎಂಬುದು ಆ ಮನೆಯೊಡತಿಯ ಹಟ.

"ಎಂತ ಹಿಟ್ಟು ಬೇಕು ಮೇಡಂ? ಮಾರ್ಜಿಪಾನಿನದ್ದು ಉಂಟು. ಗೇರುಬೀಜ ಅರೆದು ಈಗಷ್ಟೇ ಒಲೆಯಿಂದ ಇಳಿಸಿದ್ದು."

"ಅದೇ ಕೊಡಿ. ಮೆತ್ತಗಿದ್ದರೆ ಸಾಕು."

"ಸ್ವಲ್ಪವೇ ಕೊಡ್ತೇನೆ ಆಯ್ತಾ. ಅಚ್ಚು ಒತ್ತುವ ಕೆಲಸ ಪ್ರತಿ ವರ್ಷ ಇವರದ್ದೇ. ಹಿಟ್ಟು ಕಡಿಮೆಯಾದರೆ ನನಗೆ ಬೈತಾರೆ" ಎಂದು ಗಂಡ ಸೈಮನ್ ಕಡೆ ಗದ್ದ ತೋರಿಸಿ ಲೂರ್ಡ್ಸ್ ಬಾಯಿ ಒಳಗೆ ಹೋದರು.

ಮೇಜಿನ ಮೇಲೆ ಮಖಮಲ್ಲಿನ ಪುಟ್ಟ ಪೆಟ್ಟಿಗೆ ತೆರೆದಿತ್ತು. ಅದರೊಳಗೆ ಹೆಬ್ಬೆರಳ ಗಾತ್ರದ, ಕೊಳವೆಯಂತೆ ಉರುಟಾದ, ಮೈಸುತ್ತ ಚಿತ್ರ ಕೆತ್ತಿದ ಕಪ್ಪು ಮುದ್ರೆಕಲ್ಲು. ಮನ್ವಿತಾ ತನ್ನ ಕಾಲೇಜಿನ ಪ್ರದರ್ಶನಕ್ಕೆಂದು ಈ ಮನೆಯಿಂದ ಪಡೆದು ಮರಳಿಸಿದ ಇದು ನಕಲಿ ಎಂದು ಹೊರ ಊರಿನ ತಜ್ಞರೊಬ್ಬರು ಹೇಳಿಹೋದ ದಿನದಿಂದ ಮಣ್ಣಗುಡ್ಡದ ಈ ಫ್ಲ್ಯಾಟಿನಲ್ಲಿ ಯಾರಿಗೂ ಸರಿಯಾದ ನಿದ್ದೆಯಿಲ್ಲ.

ಅಸಲಿ ಎಲ್ಲಿ? ಪ್ರಶ್ನೆ ಅಷ್ಟೇ. ಉತ್ತರ ಸಿಗದಿದ್ದರೆ ಮುಳುಗುವವಳು ಮನ್ವಿತಾ.

ಅವಳು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು, ಪೂರ್ತಿ ಕೂರಲು ಯಾರಾದರೂ ಅನುಮತಿ ಕೊಡಬೇಕೇನೋ ಎಂಬಂತೆ. ಇತಿಹಾಸದ ಅತಿಥಿ ಉಪನ್ಯಾಸಕಿ. ಹೊಸ ವರ್ಷಕ್ಕೆ ಕೆಲಸ ಕಾಯಂ ಆಗುವುದರಲ್ಲಿತ್ತು. ಠಾಣೆಯಲ್ಲಿ ಒಂದು ದೂರು ದಾಖಲಾದರೆ ಕೆಲಸ ಹೋದಂತೆಯೇ. ಆಮೇಲೆ ಬೇರೆ ಕಾಲೇಜಿನವರೂ ಹತ್ತಿರ ಸೇರಿಸುವುದಿಲ್ಲ. ಕಾವೂರಿನ ಮನೆಯಲ್ಲಿ ಅಮ್ಮನಿಗೆ ಇನ್ನೂ ವಿಷಯ ಹೇಳಿರಲಿಲ್ಲ. ನೇರ ಕೊಟ್ಟಾರದಲ್ಲಿರುವ ಶಶಿಪ್ರಭಾಳ ಪತ್ತೇದಾರಿ ಆಫೀಸಿನ ಮೆಟ್ಟಿಲು ಹತ್ತಿ ಬಂದು, "ಮೇಡಂ, ನಾನು ತೆಗೀಲಿಲ್ಲ" ಎಂದಷ್ಟೇ ಹೇಳಿ ಅತ್ತಿದ್ದಳು.

ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದ ಮೇಲೆ ಶಶಿಪ್ರಭಾ ಇಂಥ ಅಳು ಬಹಳ ಕಂಡಿದ್ದಳು. ಅತ್ತವರೆಲ್ಲ ಸಾಚಾ ಅಲ್ಲ. ಆದರೂ ಈ ಹುಡುಗಿಯನ್ನು ನಂಬಬೇಕು ಅನ್ನಿಸಿತ್ತು. ಹಾಗನ್ನಿಸಿದಾಗಲೆಲ್ಲ ಎರಡು ಪಟ್ಟು ಎಚ್ಚರವಾಗಿರುವುದು ಅವಳ ರೂಢಿ.

"ಟೈಮ್ ವೇಸ್ಟ್ ಮಾಡ್ತಾ ಇದ್ದೀರಿ ಮೇಡಂ" ಎಂದ ಎದುರಿಗೆ ಕುಳಿತಿದ್ದ ಲಯನೆಲ್. ಮನೆಯ ಮಗ. ದುಬೈಯಲ್ಲಿ ಬಹಳ ವರ್ಷ ದುಡಿದು ಕಳೆದ ವರ್ಷ ಬಂದು ಇಲ್ಲೇ ನೆಲೆಸಿದವನು. "ನಾನು ಮಾತಿಗೆ ತಪ್ಪುವವ ಅಲ್ಲ. ಇವತ್ತಿನ ದಿನ ಕಾಯ್ತೇನೆ ಅಂದಿದ್ದೆ. ಕಲ್ಲು ವಾಪಸ್ ಬರದಿದ್ದರೆ ನಾಳೆ ಬೆಳಿಗ್ಗೆ ಠಾಣೆಗೆ ಹೋಗುವುದೇ."

"ಹೋಗಿ. ನಾನೂ ಅಲ್ಲೇ ಕೂತು ಸಂಬಳ ತಿಂದವಳು, ಒಳ್ಳೇ ಜಾಗ" ಎಂದಳು ಶಶಿಪ್ರಭಾ. "ಅದಕ್ಕೆ ಮೊದಲು ಒಂದು ಆಟ ಆಡುವ."

ಮೇಜಿನ ಕೊನೆಯಲ್ಲಿ ಸೈಮನ್ ಕೂತಿದ್ದರು. ಎಂಬತ್ತು ದಾಟಿದ ಹಿರಿಯರು. ಇಸ್ತ್ರಿ ಮಾಡಿದ ಅಂಗಿ, ತೋಳಿನ ತುದಿಗೆ ಮಾತ್ರ ಒಂದಿಷ್ಟು ಸಕ್ಕರೆಪುಡಿ. ತಾರುಣ್ಯದಲ್ಲಿ ಇರಾಕಿನ ದಕ್ಷಿಣದಲ್ಲಿ ರಸ್ತೆಗೆ ಅಳತೆ ಹಿಡಿಯುವ ಕೆಲಸದಲ್ಲಿದ್ದಾಗ ಅಗೆದ ಮಣ್ಣಿನಲ್ಲಿ ಸಿಕ್ಕಿದ ಕಲ್ಲು ಇದು. ಇಷ್ಟು ವರ್ಷ ಬ್ಯಾಂಕಿನ ಲಾಕರಿನಲ್ಲಿತ್ತು. ಈಗ ಅದನ್ನು ಅದರ ನೆಲಕ್ಕೇ ಒಪ್ಪಿಸಬೇಕೆಂದು ಅವರು ತೀರ್ಮಾನಿಸಿದ್ದರು. ಶುಕ್ರವಾರ ದೆಹಲಿಯ ದೂತಾವಾಸದಿಂದ ಇರಾಕಿನವರೊಬ್ಬರು ಬಂದು ಒಯ್ಯುತ್ತಾರೆ ಎಂದು ಹೇಳಿದ್ದರು.

ಮಗನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅದನ್ನು ಅವನು ಮುಚ್ಚಿಟ್ಟೂ ಇರಲಿಲ್ಲ.

ಶಶಿಪ್ರಭಾ ತನ್ನ ಫೋನನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟಿದ್ದಳು. ಹಿಂದೆ ಜೊತೆಗೆ ಕೆಲಸ ಮಾಡಿದ್ದ ಮುಖೇಶ್ ಈಗ ದೆಹಲಿಯಲ್ಲಿದ್ದ. ಶುಕ್ರವಾರ ಬರುವವರು ಯಾರು, ಯಾವ ವಿಮಾನದಲ್ಲಿ ಎಂದು ವಿಚಾರಿಸಲು ಬೆಳಿಗ್ಗೆಯೇ ಅವನಿಗೆ ಹೇಳಿದ್ದಳು. ಕರೆ ಇನ್ನೂ ಬಂದಿರಲಿಲ್ಲ.

ಲೂರ್ಡ್ಸ್ ಬಾಯಿ ಸ್ಟೀಲ್ ತಟ್ಟೆಯಲ್ಲಿ ಬಿಳಿ ಹಿಟ್ಟಿನ ಉಂಡೆ ತಂದಿಟ್ಟರು. ಗುಲಾಬಿನೀರಿನ ಪರಿಮಳ ಮೇಜನ್ನೆಲ್ಲ ತುಂಬಿತು. ಶಶಿಪ್ರಭಾ ಅದನ್ನು ಅಂಗೈಯಿಂದ ಒತ್ತಿ ಉದ್ದಕ್ಕೆ ಹರಡಿದಳು. ಪೆಟ್ಟಿಗೆಯ ಕಲ್ಲನ್ನು ಎತ್ತಿಕೊಂಡು ಒಂದು ತುದಿಯಲ್ಲಿಟ್ಟು, ಹದವಾಗಿ ಒತ್ತಿ ಸರಿಯಾಗಿ ಒಂದು ಸುತ್ತು ಉರುಳಿಸಿದಳು.

ಹಿಟ್ಟಿನ ಮೇಲೆ ಸಾಲಾಗಿ ಉಬ್ಬುಚಿತ್ರ ಮೂಡುತ್ತಾ ಹೋಯಿತು. ಒಂದು ಆಡು. ಉದ್ದ ಕೊಂಬಿನ ಕೋಣ. ಮಂಡಿಯೂರಿ ಅದಕ್ಕೆ ಹೂಜಿಯಿಂದ ನೀರು ಕುಡಿಸುವ ಗಡ್ಡದ ಮನುಷ್ಯ. ಮತ್ತೆ ಒಂದು ಆಡು.

"ಚಂದ ಉಂಟಲ್ಲ" ಎಂದರು ಲೂರ್ಡ್ಸ್ ಬಾಯಿ. ಮೇಜಿನ ಸುತ್ತ ಬೇರೆ ಯಾರಿಗೂ ಅದರ ಚಂದ ನೋಡುವ ಮನಸ್ಸಿರಲಿಲ್ಲ.

ಮನ್ವಿತಾ ಮಾತ್ರ ಮುಂದೆ ಬಾಗಿದಳು. ತಟ್ಟೆಯನ್ನು ನೋಡಿದಳು. ಎದ್ದು ಗೋಡೆಯ ಬಳಿ ಹೋಗಿ ಅಲ್ಲಿ ತೂಗುಹಾಕಿದ್ದ ಫ್ರೇಮನ್ನು ನೋಡಿದಳು. ಸೈಮನ್ ಬಹಳ ಹಿಂದೆ, ಕಲ್ಲು ಸಿಕ್ಕ ಹೊಸತರಲ್ಲಿ, ಪ್ಲಾಸ್ಟರಿನ ಪಟ್ಟಿಯ ಮೇಲೆ ಅದನ್ನು ಉರುಳಿಸಿ ಗಾಜು ಹಾಕಿಸಿಟ್ಟ ಅಚ್ಚು ಅದು.

"ಮೇಡಂ, ಇದು ಉಲ್ಟಾ ಉಂಟು!"

"ಬಿಡಿಸಿ ಹೇಳು. ಇಲ್ಲಿ ಎಲ್ಲರಿಗೂ ಅರ್ಥ ಆಗ್ಲಿ."

"ಫ್ರೇಮಿನಲ್ಲಿ ಕೋಣ ಎಡಕ್ಕೆ ಮುಖ ಮಾಡಿದೆ. ನಿಮ್ಮ ತಟ್ಟೆಯಲ್ಲಿ ಬಲಕ್ಕೆ." ಅಳುವ ಹುಡುಗಿ ಮಾಯವಾಗಿ ಪಾಠ ಹೇಳುವ ಹುಡುಗಿ ಎದ್ದು ನಿಂತಿದ್ದಳು. "ಮುದ್ರೆ ಕೆತ್ತುವವರು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೆತ್ತಬೇಕು. ಹಸಿ ಮಣ್ಣಿನ ಮೇಲೆ ಉರುಳಿಸಿದಾಗ ಅದು ಸರಿಯಾಗಿ ಬೀಳ್ತದೆ. ಸುಮೇರಿನವರಿಗೆ, ಅಂದರೆ ನಾಲ್ಕೈದು ಸಾವಿರ ವರ್ಷದ ಹಿಂದೆ ಇರಾಕಿನ ದಕ್ಷಿಣದಲ್ಲಿ ಇದ್ದವರಿಗೆ, ಇದು ನೀರು ಕುಡಿದ ಹಾಗೆ. ಉರ್, ಉರುಕ್, ಲಗಾಶ್ ಅಂತ ಒಂದೊಂದು ಪಟ್ಟಣ ಒಂದೊಂದು ರಾಜ್ಯ ಆಗಿ, ಕಾಲುವೆ ನೀರಿಗೂ ಗಡಿಗೂ ಕಚ್ಚಾಡ್ತಿದ್ದ ಕಾಲದಿಂದ ಅವರ ಕೆಲಸ ಇದು. ಎಣ್ಣೆಯ ಜಾಡಿಗೆ, ಉಗ್ರಾಣದ ಬಾಗಿಲಿಗೆ ಮಣ್ಣು ಮೆತ್ತಿ ಮುದ್ರೆ ಉರುಳಿಸ್ತಿದ್ದರು. ಮಣ್ಣು ಒಡೆದಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತ ಗೊತ್ತಾಗ್ತಿತ್ತು."

"ನಮ್ಮ ಅರಗಿನ ಸೀಲಿನ ಹಾಗೆ" ಎಂದಳು ಶಶಿಪ್ರಭಾ. "ಕಳ್ಳರು ಆಗಲೂ ಇದ್ದರು ಅಂತಾಯ್ತು."

"ಇದ್ದರು ಮೇಡಂ. ಸಾರ್ಗೋನ್ ಬಂದು ಆ ಪಟ್ಟಣಗಳನ್ನೆಲ್ಲ ಗೆದ್ದು ಅಕ್ಕಾಡಿನ ಸಾಮ್ರಾಜ್ಯ ಕಟ್ಟಿದ. ರಾಜರು ಬದಲಾದರು, ಮುದ್ರೆ ಉರುಳಿಸುವುದು ಬದಲಾಗಲಿಲ್ಲ. ಅಂಕಲ್ ಹತ್ತಿರ ಇರುವುದು ಆ ಸಾಮ್ರಾಜ್ಯದ ಕಾಲದ್ದು. ಕೋಣ ಇರುವುದರಿಂದಲೇ ಗೊತ್ತಾಗುವುದು. ಮೆಲುಹ್ಹಾ ಅಂತ ಅವರು ಕರೀತಿದ್ದ ದೇಶದಿಂದ, ಅಂದರೆ ನಮ್ಮ ಸಿಂಧೂ ನದಿಯ ಕಡೆಯಿಂದ, ಹಡಗಿನಲ್ಲಿ ಹೋದ ಪ್ರಾಣಿ ಅದು ಅಂತಾರೆ. ಅಲ್ಲಿಯವರಿಗೆ ಅದು ದೊಡ್ಡ ವಿಚಿತ್ರ."

"ಕಂಬಳದ ಊರಿನವನ ಕೈಗೇ ಕೋಣ ಬಂದು ಬಿತ್ತು" ಎಂದರು ಸೈಮನ್, ಮೆಲ್ಲಗೆ. ಅದು ಅವರ ಹಳೆಯ ಜೋಕು ಇರಬೇಕು. ಮನ್ವಿತಾ ಆ ಸಂಕಟದಲ್ಲೂ ನಕ್ಕಳು.

ಶಶಿಪ್ರಭಾಳಿಗೆ ಆ ನಗು ಇಷ್ಟವಾಯಿತು. ಪಿಯುಸಿ ಓದುತ್ತಿದ್ದಾಗ ಕಾಲೇಜಿಗೆ ಭಾಷಣಕ್ಕೆ ಬಂದ ಈ ಮುದುಕರ ಬೆನ್ನು ಹತ್ತಿ, ಭಾನುವಾರಗಳೆಲ್ಲ ಇದೇ ಮೇಜಿನ ಮುಂದೆ ಕೂತು ಸುಮೇರಿನ ಕತೆ ಕೇಳಿ, ಅದನ್ನೇ ತನ್ನ ಓದು ಮಾಡಿಕೊಂಡವಳು ಮನ್ವಿತಾ. ಅಪ್ಪನಿಲ್ಲದ ಹುಡುಗಿಗೆ ಅವರು ಅಂಕಲ್ ಮಾತ್ರ ಆಗಿರಲಿಲ್ಲ.

"ಆಯ್ತು, ಉಲ್ಟಾ" ಎಂದ ಲಯನೆಲ್. "ಇವಳು ಕೆತ್ತಲಿಕ್ಕೆ ಕೊಟ್ಟವ ದಡ್ಡ. ಅದರಿಂದ ಎಂತ ಆಯ್ತು?"

"ದಡ್ಡ ಹೌದು. ಯಾವ ತರದ ದಡ್ಡ ಅನ್ನುವುದು ಮುಖ್ಯ" ಎಂದು ಶಶಿಪ್ರಭಾ ಕಲ್ಲನ್ನು ಪೆಟ್ಟಿಗೆಗೆ ಹಾಕಿದಳು. "ಅಸಲಿ ಕಲ್ಲು ಅವನ ಕೈಗೆ ಸಿಕ್ಕಿದ್ದರೆ ಅದನ್ನು ನೋಡಿ ಇದ್ದ ಹಾಗೇ ಕೆತ್ತುತ್ತಿದ್ದ. ತಪ್ಪುವ ಪ್ರಶ್ನೆಯೇ ಇಲ್ಲ. ಅವನಿಗೆ ಸಿಕ್ಕಿದ್ದು ಅಚ್ಚಿನ ಫೋಟೋ ಮಾತ್ರ. ಕಂಡದ್ದನ್ನು ಕಂಡ ಹಾಗೆ ಕೆತ್ತಿದ. ಮನ್ವಿತಾಳ ಹತ್ತಿರ ಕಲ್ಲೇ ಇತ್ತಲ್ಲ, ಅವಳು ಫೋಟೋ ಎಂತಕ್ಕೆ ಕೊಡ್ತಾಳೆ?"

"ಕಾಲೇಜಿನ ಪೋಸ್ಟರ್ ಊರಿಡೀ ಅಂಟಿಸಿದ್ದರು. ಅದರಲ್ಲಿ ಫೋಟೋ ಇತ್ತು" ಎಂದ ಲಯನೆಲ್.

"ಇತ್ತು. ನಿಲ್ಲಿಸಿದ ಕಲ್ಲಿನ ಫೋಟೋ. ಅಚ್ಚಿನದ್ದಲ್ಲ. ನಾನು ನೋಡಿದ್ದೇನೆ." ಅವಳು ಮತ್ತೆ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ಈಗ ಆಡುಗಳನ್ನು ನೋಡು ಮನ್ವಿತಾ. ನಾನು ಉರುಳಿಸಿದ್ದು ಒಂದೇ ಸುತ್ತು. ಎಷ್ಟು ಉಂಟು?"

"ಎರಡು." ಹುಡುಗಿಯ ಕಣ್ಣು ಅಗಲವಾಯಿತು. "ಅಯ್ಯೋ, ಎರಡು! ಮೇಡಂ, ಅಸಲಿಯಲ್ಲಿ ಆಡು ಒಂದೇ ಇರುವುದು."

"ಫ್ರೇಮಿನಲ್ಲಿ ಎರಡು ಕಾಣ್ತದಲ್ಲ?"

"ಅದು ಅಂಕಲ್ ಉರುಳಿಸುವಾಗ ಸ್ವಲ್ಪ ಜಾಸ್ತಿ ಉರುಳಿಸಿದ್ದು. ಒಂದು ಸುತ್ತು ಮುಗಿದು ಮೊದಲಿನ ಆಡೇ ಕೊನೆಯಲ್ಲಿ ಇನ್ನೊಮ್ಮೆ ಬಿದ್ದಿದೆ. ಶುರುವಿನಲ್ಲಿ ನಾನೂ ಮೋಸ ಹೋಗಿದ್ದೆ, ಅಂಕಲ್ ನಕ್ಕು ತಿದ್ದಿದ್ದರು. ಸುತ್ತು ಗೊತ್ತಿಲ್ಲದವರು ಮಾತ್ರ ಎರಡು ಆಡು ಕೆತ್ತಿಸುವುದು."

"ಈ ಪ್ರದರ್ಶನದ ದಿನಗಳಲ್ಲಿ ನೀನಿದನ್ನು ಉರುಳಿಸಿ ನೋಡಲಿಲ್ಲವಾ?"

"ಉರುಳಿಸಬಾರದು ಅಂತ ಅಂಕಲ್ ಕಂಡೀಷನ್ ಹಾಕಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಟ್ಟಿದ್ದೆ. ಕಪ್ಪು ಕಲ್ಲಲ್ವಾ, ಕೆತ್ತನೆ ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅಸಲಿಯನ್ನು ನಾನು ಅದಕ್ಕೆ ಮೊದಲು ಕೈಯಲ್ಲಿ ಹಿಡಿದವಳೇ ಅಲ್ಲ. ಬ್ಯಾಂಕಿನ ಬಾಗಿಲಲ್ಲಿ ಅಂಕಲ್ ಪೆಟ್ಟಿಗೆ ಕೊಟ್ಟರು, ತಕೊಂಡು ಹೋದೆ."

ಶಶಿಪ್ರಭಾ ಲಯನೆಲ್ ಕಡೆ ತಿರುಗಿದಳು. ದನಿ ಏರಿಸಲಿಲ್ಲ. ಏರಿಸಿದರೆ ಎದುರಿನವರು ಅದಕ್ಕೇ ಉತ್ತರ ಕೊಡುತ್ತಾರೆ, ಪ್ರಶ್ನೆಗಲ್ಲ ಎಂಬುದು ಅವಳು ಸರ್ವೀಸಿನಲ್ಲಿ ಕಲಿತ ಪಾಠ.

"ಎರಡು ಆಡು ಇರುವುದು ಲೋಕದಲ್ಲಿ ಒಂದೇ ಕಡೆ. ನಿಮ್ಮ ಗೋಡೆಯ ಮೇಲೆ. ಅಂದರೆ ನಕಲಿಗೆ ಬೇಕಾದ ಫೋಟೋ ಹೋದದ್ದು ಈ ಮನೆಯಿಂದ."

"ಮನೆಗೆ ನೂರು ಜನ ಬರ್ತಾರೆ. ಇವಳೂ ಬರ್ತಾಳೆ."

"ಗಾಜಿನ ಮೇಲೆ ಬೆಳಕು ಹೊಡೆಯುತ್ತದೆ. ಗೋಡೆಯಲ್ಲಿ ಇದ್ದ ಹಾಗೆ ತೆಗೆದರೆ ಕೋಣನ ಬದಲು ಟ್ಯೂಬ್‌ಲೈಟ್ ಬರುವುದು ಫೋಟೋದಲ್ಲಿ. ನಾನೇ ಬಂದ ಕೂಡಲೇ ತೆಗೆದು ನೋಡಿದೆ. ಕೆತ್ತನೆಗೆ ಆಗುವಂಥ ಫೋಟೋ ಬೇಕಾದರೆ ಅದನ್ನು ಇಳಿಸಬೇಕು, ಗಾಜು ಬಿಚ್ಚಬೇಕು." ಅವಳು ಗೋಡೆಗೆ ಬೆರಳು ತೋರಿಸಿದಳು. ಫ್ರೇಮಿನ ಮೇಲ್ಗಡೆ, ಹಳೇ ಬಣ್ಣದ ನಡುವೆ ಒಂದು ಬೆರಳಗಲದ ಬೆಳ್ಳನೆ ಪಟ್ಟಿ ಕಾಣುತ್ತಿತ್ತು. "ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದದ್ದು ಈಚೆಗೆ ಒಮ್ಮೆ ಇಳಿದು, ಮತ್ತೆ ಹತ್ತುವಾಗ ಸ್ವಲ್ಪ ಕೆಳಗೆ ಬಂದಿದೆ. ಮೊಳೆಯೂ ಹೊಸದು. ಯಾರು ಇಳಿಸಿದ್ದು?"

"ನನಗೆ ಹೇಗೆ ಗೊತ್ತು? ಧೂಳು ಹೊಡೆಯಲಿಕ್ಕೆ ಮಮ್ಮಿ ಇಳಿಸಿರಬಹುದು."

"ನಾನಾ?" ಅಡುಗೆಮನೆಯಿಂದ ಲೂರ್ಡ್ಸ್ ಬಾಯಿಯ ದನಿ ಬಂತು, ಕಿಂಚಿತ್ತೂ ಕಪಟವಿಲ್ಲದ ದನಿ. "ನನಗೆ ಅಷ್ಟು ಎತ್ತರಕ್ಕೆ ಕೈ ಎಲ್ಲಿ ಎಟಕುತ್ತದೆ ಮಾರಾಯ. ಗ್ಲಾಸ್ ಬದಲಿಸಿ ತರ್ತೇನೆ ಅಂತ ನೀನೇ ತಕೊಂಡು ಹೋದ್ದಲ್ವಾ? ಮೊನ್ನೆ ಮಳೆಗಾಲ ಮುಗಿಯುವಾಗ?"

ಒಳಗೆ ಬಾಣಲೆಗೆ ಏನೋ ಬಿದ್ದು ಚುಂಯ್ ಎಂದಿತು. ತಾನು ಮಗನ ಕುತ್ತಿಗೆಗೆ ತಂದಿಟ್ಟೆ ಎಂಬುದರ ಪರಿವೆಯೇ ಆ ತಾಯಿಗೆ ಇರಲಿಲ್ಲ.

ಲಯನೆಲ್‌ನ ಮುಖ ಕಪ್ಪಿಟ್ಟಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಸೈಮನ್ ಮಾತಾಡಿದರು.

"ನಾನು ಹೇಳಿದ್ದು, ಬದಲಿಸು ಅಂತ. ಗಾಜು ಹಳತಾಗಿತ್ತು. ಅವನು ಬದಲಿಸಿ ತಂದ. ಅಷ್ಟೇ."

ಶಶಿಪ್ರಭಾ ಫ್ರೇಮಿನ ಹತ್ತಿರ ಹೋಗಿ ನಿಂತಳು. ಗಾಜಿನ ಕೆಳಮೂಲೆ ಒಡೆದಿತ್ತು. ಒಡಕಿನ ಮೇಲೆ ಹಚ್ಚಿದ್ದ ಟೇಪು ಹಳದಿಯಾಗಿ ಅಂಚು ಎದ್ದಿತ್ತು. ಬಹಳ ವರ್ಷದ ಟೇಪು.

ಗಾಜು ಬದಲಾಗಿರಲೇ ಇಲ್ಲ. ಅಪ್ಪ ಮಗನಿಗಾಗಿ ಸುಳ್ಳು ಹೇಳಿದ್ದರು.

ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಸೈಮನ್ ಅವಳನ್ನೇ ನೋಡುತ್ತಿದ್ದರು. ದಯವಿಟ್ಟು ಇಲ್ಲಿಗೇ ಬಿಡು ಎಂದು ಕೇಳುವ ನೋಟ ಅದು. ಅಂಥ ನೋಟಕ್ಕೆ ಅವಳು ಸರ್ವೀಸಿನಲ್ಲಿ ಸೊಪ್ಪು ಹಾಕಿದವಳಲ್ಲ. ಇವತ್ತು ಯಾಕೋ ಹಾಕಿದಳು, ಹಾಕಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

"ಪೊರ್ಬುಲೇ" ಎಂದಳು, ತುಳುವರು ಕ್ರೈಸ್ತ ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ. "ಲಾಕರಿನ ಕೀ ಯಾರ ಹತ್ತಿರ ಇರುವುದು?"

"ನನ್ನ ಹತ್ತಿರ ಮಾತ್ರ."

"ಕಲ್ಲು ಎಂದಾದರೂ ಮನೆಗೆ ಬಂದದ್ದುಂಟಾ?"

"ಇಲ್ಲ." ಉತ್ತರ ಪ್ರಶ್ನೆಗಿಂತ ಬೇಗ ಬಂತು. ಅವರು ತೋಳಿನ ಸಕ್ಕರೆಪುಡಿಯನ್ನು ಕೊಡವಿಕೊಂಡರು.

ಲಯನೆಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಸಾಕು! ನನ್ನ ಮನೆಯಲ್ಲಿ ಕೂತು ನನ್ನನ್ನೇ ಕಳ್ಳ ಮಾಡ್ತೀರಾ? ಫ್ರೇಮ್ ಇಳಿಸಿದ್ದು ಹೌದು. ಅದು ಅಪರಾಧವಾ? ಹಾಗಾದರೆ ಅಸಲಿ ಎಲ್ಲಿ? ನನ್ನ ಹತ್ತಿರ ಉಂಟಾ? ಹುಡುಕಿ! ಕಪಾಟು, ಮಂಚ, ಕಾರು, ಎಲ್ಲ ಹುಡುಕಿ! ಇವಳು ಒಯ್ದಳು, ಇವಳು ತಂದಳು. ನಡುವೆ ಕಲ್ಲು ಕಾಣೆ. ಬೆಳಿಗ್ಗೆ ಠಾಣೆಗೆ ಹೋಗುವುದು ಹೋಗುವುದೇ."

ಅವನು ಕೋಣೆಗೆ ಹೋಗಿ ಬಾಗಿಲು ದಡಾರನೆ ಹಾಕಿಕೊಂಡ.

ಶಶಿಪ್ರಭಾಳನ್ನು ಕಾಡಿದ್ದು ಆ ಸಿಟ್ಟು. ಅದರಲ್ಲಿ ನಾಟಕವಿರಲಿಲ್ಲ. ಕದ್ದವರು ಸಿಟ್ಟಾಗುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಇದು ಕಳೆದುಕೊಂಡವರ ಸಿಟ್ಟು. ನಕಲಿ ಮಾಡಿಸಿದ್ದು ಲಯನೆಲ್ ಎಂದೇ ಅವಳ ಮನಸ್ಸು ಹೇಳುತ್ತಿತ್ತು. ಆದರೆ ಅಸಲಿ ಎಲ್ಲಿದೆಯೆಂದು ಅವನಿಗೂ ಗೊತ್ತಿರಲಿಲ್ಲ.

ಹಾಗಾದರೆ ಯಾರಿಗೆ ಗೊತ್ತು?

ಹೊರಡುವಾಗ ಲೂರ್ಡ್ಸ್ ಬಾಯಿ ಬಾಗಿಲಿಗೆ ಬಂದರು. "ಇಷ್ಟೆಲ್ಲ ಆಯ್ತು, ನಿಮಗೆ ಒಂದು ಗ್ಲಾಸ್ ನೀರೂ ಕೊಡಲಿಲ್ಲ. ಕುಸ್ವಾರ್ ತಿಂಗಳಲ್ಲಿ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ನಿಲ್ಲಿ, ಇವರು ಡಬ್ಬಿ ತುಂಬಿಸ್ತಾ ಇದ್ದಾರೆ."

ಲಿಫ್ಟಿನ ತನಕ ಡಬ್ಬಿ ಹಿಡಿದು ಬಂದದ್ದು ಸೈಮನ್. ಮನ್ವಿತಾಳ ತಲೆಯ ಮೇಲೆ ಕೈ ಇಟ್ಟರು.

"ಮೇಲಿನದ್ದು ನಿನಗೆ ಮಗಾ" ಎಂದರು. "ಬೇರೆ ಯಾರಿಗೂ ಕೊಡಬೇಡ."

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಶಶಿಪ್ರಭಾಳ ಹಳೇ ಮಾರುತಿ ಲೇಡಿಹಿಲ್ ಹತ್ತಿರ ಸಂಜೆಯ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಶಾಲೆ ಬಿಟ್ಟ ಮಕ್ಕಳ ವ್ಯಾನು, ಸಿಟಿ ಬಸ್ಸು, ನಡುವೆ ನುಸುಳುವ ಸ್ಕೂಟರುಗಳು. ಕಂಡಕ್ಟರ್ ಒಬ್ಬ ಫುಟ್‌ಬೋರ್ಡಿನಲ್ಲಿ ನಿಂತು ಕೊಟ್ಟಾರ, ಕೊಟ್ಟಾರ ಎಂದು ಕೂಗುತ್ತಿದ್ದ.

"ಬೆಳಿಗ್ಗೆಯಿಂದ ಎಂತಾದರೂ ತಿಂದಿದ್ದೀಯಾ?"

ಮನ್ವಿತಾ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದರೆ ಡಬ್ಬಿ ತೆಗಿ. ಹಸಿದ ಹೊಟ್ಟೆಯಲ್ಲಿ ಅತ್ತರೆ ತಲೆನೋವು ಬರ್ತದೆ, ಕೇಸು ಬಗೆಹರಿಯುವುದಿಲ್ಲ."

ಡಬ್ಬಿಯಲ್ಲಿ ಗುಲಾಬಿ ಹೂವಿನಾಕಾರದ ಕುರುಕಲು, ಸಿಹಿ ತುಂಬಿ ಕರಿದ ನೆವ್ರಿಗಳು, ರಬ್ಬರ್ ಅಚ್ಚಿನಲ್ಲಿ ಒತ್ತಿದ ಎಲೆ, ನಕ್ಷತ್ರದಾಕಾರದ ಮಾರ್ಜಿಪಾನುಗಳು. ಎಲ್ಲಕ್ಕಿಂತ ಮೇಲೆ ಬೆಣ್ಣೆಕಾಗದದಲ್ಲಿ ಸುತ್ತಿದ ಒಂದು ತುಂಡು. ಮನ್ವಿತಾ ಅದನ್ನು ಬಿಡಿಸಿ ಬಾಯಿಯ ಹತ್ತಿರ ತಂದಳು.

ಕೈ ಅಲ್ಲೇ ನಿಂತಿತು.

"ಮೇಡಂ" ಎಂದಳು. ಇನ್ನೊಮ್ಮೆ ಕರೆದಳು. "ಮೇಡಂ, ಗಾಡಿ ಸೈಡಿಗೆ ಹಾಕಿ."

ಶಶಿಪ್ರಭಾ ಬೇಕರಿಯೊಂದರ ಮುಂದೆ ಕಾರು ನಿಲ್ಲಿಸಿ ಒಳಗಿನ ಪುಟ್ಟ ದೀಪ ಹಾಕಿದಳು.

ಬೆರಳುದ್ದದ ಬಿಳಿ ತುಂಡು. ಅದರ ಮೇಲೆ ಒಂದು ಆಡು. ಮಂಡಿಯೂರಿದ ಮನುಷ್ಯ, ಅವನ ಹೂಜಿಯ ನೀರಿನ ಗೆರೆಗಳು ಕೂಡ ಸ್ಪಷ್ಟ. ಎಡಕ್ಕೆ ಮುಖ ಮಾಡಿ ನೀರು ಕುಡಿಯುವ ಕೋಣ. ಕೋಣನ ಹಿಂದೆ ಅದೇ ಆಡು, ಆಡಿನ ಬೆನ್ನಿಗೇ ಮತ್ತೆ ಮಂಡಿಯೂರಿದ ಮನುಷ್ಯ. ಎರಡನೇ ಆಡು ಇಲ್ಲ.

"ಇದು ಅಸಲಿ ಕಲ್ಲಿನ ಅಚ್ಚು" ಎಂದಳು ಮನ್ವಿತಾ.

ಶಶಿಪ್ರಭಾ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಇನ್ನೂ ಮೆತ್ತಗಿತ್ತು. ಒಲೆಯಿಂದ ಇಳಿಸಿದ್ದು ಇಂದು. ಅಂದರೆ ಒತ್ತಿದ್ದೂ ಇಂದು. ಎರಡೂವರೆ ಸಾವಿರ ಮೈಲಿ ದೂರದ ಸಾಮ್ರಾಜ್ಯವೊಂದರ ಮುದ್ರೆ ಈ ಸಂಜೆ ಮಣ್ಣಗುಡ್ಡದ ಫ್ಲ್ಯಾಟಿನಲ್ಲಿ ಗೇರುಬೀಜದ ಹಿಟ್ಟಿನ ಮೇಲೆ ಉರುಳಿತ್ತು. ಅಚ್ಚು ಒತ್ತುವ ಕೆಲಸ ಪ್ರತಿ ವರ್ಷ ಇವರದ್ದೇ ಎಂದು ಲೂರ್ಡ್ಸ್ ಬಾಯಿ ಹೇಳಿದ್ದು ನೆನಪಾಯಿತು. ತೋಳಿನ ಸಕ್ಕರೆಪುಡಿ ನೆನಪಾಯಿತು. ಕಣ್ಣೆದುರೇ ಇದ್ದದ್ದನ್ನು ತಾನು ನೋಡಿಯೂ ನೋಡಲಿಲ್ಲ.

"ಪೊರ್ಬುಗಳ ಹತ್ತಿರವೇ ಉಂಟು" ಎಂದಳು. "ನಿನ್ನನ್ನು ಎದುರಿಗೆ ಕೂರಿಸಿಕೊಂಡು ಕಳ್ಳಿ ಅಂತ ಮಗ ಬೈಯುವಾಗ ಬಾಯಿ ಮುಚ್ಚಿ ಕೂತಿದ್ದರಲ್ಲ, ಅವರ ಹತ್ತಿರ!"

ಅವಳಿಗೆ ಕೆಟ್ಟ ಸಿಟ್ಟು ಬಂದಿತ್ತು. ಮನ್ವಿತಾಳಿಗೆ ಬಂದಂತೆ ಕಾಣಲಿಲ್ಲ. ಅವಳು ಆ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಕಣ್ಣು ತುಂಬಿತ್ತು.

"ಅದನ್ನು ಹಾಗೇ ನನಗೆ ಕೊಡು ಮನ್ವಿತಾ. ಫೋಟೋ ತೆಗೆದು, ಈಗಲೇ ವಾಪಸ್ ಹೋಗಿ ಲಯನೆಲ್‌ನ ಎದುರು ಇಡುವ. ನಿನ್ನ ಕೆಲಸ, ನಿನ್ನ ಹೆಸರು ಎರಡೂ ಅದರಲ್ಲಿ ಉಂಟು. ಬೇರೆ ಸಾಕ್ಷಿ ನಮ್ಮ ಹತ್ತಿರ ಇಲ್ಲ."

"ಅಂಕಲ್ ಇದನ್ನು ನನಗೆ ಯಾಕೆ ಕೊಟ್ಟರು ಮೇಡಂ?"

"ನೀನೇ ಹೇಳು."

"ಅಲ್ಲಿ ಬಾಯಿಬಿಟ್ಟು ಹೇಳಲಿಕ್ಕೆ ಆಗಲಿಲ್ಲ, ಅದಕ್ಕೆ. ಇದನ್ನು ಓದುವುದು ಆ ಮನೆಯಲ್ಲಿ ಅವರಿಗೆ ಮತ್ತು ನನಗೆ ಮಾತ್ರ ಬರುವುದು." ಅವಳು ನಿಧಾನವಾಗಿ, ತನಗೆ ತಾನೇ ಬಿಡಿಸಿ ಹೇಳಿಕೊಳ್ಳುವಂತೆ ಮಾತಾಡಿದಳು. "ಲಯನೆಲ್ ನಕಲಿ ಮಾಡಿಸಿದ್ದು ಅಂಕಲ್‌ಗೆ ಹೇಗೋ ಗೊತ್ತಾಗಿದೆ. ಮಗ ಬದಲಿಸುವ ಮೊದಲೇ ಅವನ ನಕಲಿಯನ್ನು ತೆಗೆದು ಇವರೇ ಬದಲಿಸಿದ್ದಾರೆ. ನನ್ನ ಕೈಗೆ ಸಿಕ್ಕಿದ್ದೇ ನಕಲಿ. ತಜ್ಞರು ಬಂದು ಕಂಡುಹಿಡೀತಾರೆ ಅಂತ ಅವರು ಎಣಿಸಿರಲಿಲ್ಲ. ಶುಕ್ರವಾರ ತನಕ ಅಸಲಿಯನ್ನು ಕಾಪಾಡಬೇಕು, ಮಗನನ್ನೂ ಜೈಲಿಗೆ ಕಳಿಸಬಾರದು. ಅಷ್ಟೇ ಅವರಿಗೆ ಬೇಕಾದ್ದು."

"ನಡುವೆ ನೀನು ಹಾಳಾದರೆ ಅಡ್ಡಿಯಿಲ್ಲ."

"ಶುಕ್ರವಾರ ಇರಾಕಿನವರು ಬಂದು ಕಲ್ಲು ಒಯ್ದ ಮೇಲೆ ಅವರೇ ಎಲ್ಲರ ಎದುರು ಹೇಳ್ತಾರೆ. ನನಗೆ ಗೊತ್ತುಂಟು. ಈಗ ನಾವು ವಾಪಸ್ ಹೋದರೆ ಲಯನೆಲ್ ಮನೆ ಜಾಲಾಡಿ ಅದನ್ನು ಕಸಿದುಕೊಳ್ಳುತ್ತಾನೆ. ಮತ್ತೆ ಅದು ತನ್ನ ದೇಶಕ್ಕೆ ಹೋಗುವುದಿಲ್ಲ, ಯಾರದ್ದೋ ಶೋಕೇಸಿಗೆ ಹೋಗ್ತದೆ."

"ಮನ್ವಿತಾ, ಕೊಡು ಅದನ್ನು."

"ನಾಳೆ ಅವನು ದೂರು ಕೊಡಲಿ ಮೇಡಂ. ನಾಲ್ಕು ದಿನ ಜನ ಬೈದರೆ ನಾನು ಸಾಯುವುದಿಲ್ಲ."

ಶಶಿಪ್ರಭಾ ಕೈ ಚಾಚಿದಳು. ಅಷ್ಟರಲ್ಲಿ ಹುಡುಗಿ ಆಡು, ಕೋಣ, ಮಂಡಿಯೂರಿದ ಮನುಷ್ಯ ಸಮೇತ ಆ ತುಂಡನ್ನು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ಅಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನುಂಗಿದಳು.

ಇಷ್ಟು ವರ್ಷದ ಸರ್ವೀಸಿನಲ್ಲಿ ಸಾಕ್ಷ್ಯ ಸುಟ್ಟವರನ್ನು, ಹರಿದವರನ್ನು, ನೇತ್ರಾವತಿಗೆ ಎಸೆದವರನ್ನು ಶಶಿಪ್ರಭಾ ಕಂಡಿದ್ದಳು. ತನ್ನನ್ನೇ ಉಳಿಸುವ ಸಾಕ್ಷ್ಯವನ್ನು ತಿಂದವಳು ಇವಳೊಬ್ಬಳೇ. ಬೈಯಬೇಕೋ ತಬ್ಬಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಫೋನ್ ಹೊಡೆದುಕೊಂಡಿತು. ಮುಖೇಶ್. ಅವಳು ಯೋಚಿಸದೆ ಸ್ಪೀಕರ್ ಒತ್ತಿದಳು.

"ಶಶಿಯಕ್ಕಾ, ಲೇಟಾಯ್ತು, ಬೇಜಾರು ಮಾಡ್ಬೇಡಿ. ನಿಮ್ಮ ಶುಕ್ರವಾರದ ವಿಷಯ ವಿಚಾರಿಸಿದೆ. ಎರಡೆರಡು ಸಲ ಕೇಳಿದೆ."

"ಹೇಳು. ಯಾರು ಬರುವುದು?"

"ಯಾರೂ ಇಲ್ಲ ಅಕ್ಕಾ. ದೂತಾವಾಸದಿಂದ ಮಂಗಳೂರಿಗೆ ಯಾರನ್ನೂ ಕಳಿಸುವುದಿಲ್ಲವಂತೆ. ಸೈಮನ್ ಅನ್ನುವವರ ಹೆಸರನ್ನೇ ಅವರು ಕೇಳಿಲ್ಲ. ಇಲ್ಲಿವರೆಗೆ ಆ ಮನುಷ್ಯ ಅಲ್ಲಿಗೆ ಒಂದು ಫೋನೂ ಮಾಡಿಲ್ಲ."

ಬಸ್ಸೊಂದು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಯಿತು. ಶಶಿಪ್ರಭಾ ಪಕ್ಕಕ್ಕೆ ತಿರುಗಿ ನೋಡಿದಳು. ಮನ್ವಿತಾಳ ಕೈಯಲ್ಲಿ ಬೆಣ್ಣೆಕಾಗದ ಮಾತ್ರ ಉಳಿದಿತ್ತು.